ಶರಾವತಿ ಕಣಿವೆಯ ಜಲವಿದ್ಯುತ್ ಉತ್ಪಾದನೆ

ಶರಾವತಿ ಕಣಿವೆಯ ಜಲವಿದ್ಯುತ್ ಉತ್ಪಾದನೆ ಎಂದರೆ ಲಿಂಗನಮಕ್ಕಿ ಜಲಾಶಯದಲ್ಲಿ ಸಂಗ್ರಹವಾದ ನೀರನ್ನು ಘಟ್ಟದ ಇಳಿಜಾರಿನಲ್ಲಿ ಹರಿಸಿ, ಟರ್ಬೈನ್ ಮತ್ತು ಜನರೇಟರ್‌ಗಳ ಮೂಲಕ ವಿದ್ಯುತ್ತನ್ನು ಪಡೆಯುವ ವ್ಯವಸ್ಥೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೊಳೆಬಾಗಿಲು ಈ ಜಲಾಶಯದ ಹಿನ್ನೀರಿನ ದಡದಲ್ಲಿದೆ. ಹಿನ್ನೀರು ಹೊಸನಗರ ತಾಲ್ಲೂಕಿನವರೆಗೂ ಚಾಚಿಕೊಂಡಿದೆ.

ಮೂಲತತ್ತ್ವ

ಶಕ್ತಿಯನ್ನು ಸೃಷ್ಟಿಸಲಾಗದು, ಅದರ ರೂಪವನ್ನಷ್ಟೇ ಬದಲಿಸಬಹುದು. ಎತ್ತರದಲ್ಲಿ ನಿಂತ ನೀರಿನಲ್ಲಿ ಸ್ಥಾನಶಕ್ತಿ ಅಡಗಿರುತ್ತದೆ. ಕೆಳಗೆ ಧುಮುಕುವಾಗ ಅದು ಚಲನಶಕ್ತಿಯಾಗುತ್ತದೆ. ಟರ್ಬೈನ್ ಅದನ್ನು ತಿರುಗುವ ಶಕ್ತಿಯನ್ನಾಗಿಯೂ, ಜನರೇಟರ್ ವಿದ್ಯುಚ್ಛಕ್ತಿಯನ್ನಾಗಿಯೂ ಮಾರ್ಪಡಿಸುತ್ತವೆ. ದೊರೆಯುವ ವಿದ್ಯುತ್ತಿನ ಪ್ರಮಾಣವನ್ನು ನಿರ್ಧರಿಸುವವು ಮುಖ್ಯವಾಗಿ ಎರಡು: ಹರಿಯುವ ನೀರಿನ ಮೊತ್ತ ಮತ್ತು ಅದು ಬೀಳುವ ಎತ್ತರ. ಸೆಕೆಂಡಿಗೆ ಒಂದು ಘನ ಮೀಟರ್ ನೀರು 400 ಮೀಟರ್ ಎತ್ತರದಿಂದ ಬಿದ್ದರೆ ಸುಮಾರು 3.9 ಮೆಗಾವಾಟ್ ಶಕ್ತಿ ಲಭಿಸುತ್ತದೆ. ಯಂತ್ರಗಳು ಇದರಲ್ಲಿ ಶೇ. 90ರಷ್ಟನ್ನು ಹಿಡಿದಿಟ್ಟರೆ 3.5 ಮೆಗಾವಾಟ್ ವಿದ್ಯುತ್ತು ಸಿಗುತ್ತದೆ. ಪಶ್ಚಿಮ ಘಟ್ಟದ ಅಂಚು ಜಲವಿದ್ಯುತ್ತಿಗೆ ತಕ್ಕ ತಾಣವೆನಿಸಲು ಈ ಎತ್ತರವೇ ಕಾರಣ.

ಟರ್ಬೈನ್

ನೀರಿನ ಎತ್ತರಕ್ಕೆ ತಕ್ಕಂತೆ ಟರ್ಬೈನಿನ ಬಗೆಯೂ ಬೇರೆಯಾಗುತ್ತದೆ.

ಪೆಲ್ಟನ್ ಚಕ್ರ: ಹೆಚ್ಚಿನ ಎತ್ತರಕ್ಕೆ ಯೋಗ್ಯ. ಕೊಳವೆಯ ಕಿರಿದಾದ ಮೂತಿಯಿಂದ ಚಿಮ್ಮುವ ನೀರು ಚಕ್ರದ ಅಂಚಿನ ಜೋಡಿಬಟ್ಟಲುಗಳಿಗೆ ಬಡಿದು ಅದನ್ನು ತಿರುಗಿಸುತ್ತದೆ. ಶರಾವತಿ ವಿದ್ಯುದಾಗಾರದಲ್ಲಿರುವುದು ಇದೇ ಬಗೆ.

ಫ್ರಾನ್ಸಿಸ್ ಟರ್ಬೈನ್: ಮಧ್ಯಮ ಎತ್ತರಕ್ಕೆ ಬಳಕೆಯಾಗುತ್ತದೆ. ನೀರು ಸುತ್ತಲಿಂದ ಒಳನುಗ್ಗಿ ನಡುವಿನಿಂದ ಹೊರಬೀಳುತ್ತದೆ. ಗೇರುಸೊಪ್ಪೆಯಲ್ಲಿ ಇದನ್ನು ಕಾಣಬಹುದು.

ಕಪ್ಲಾನ್ ಟರ್ಬೈನ್: ಕಡಿಮೆ ಎತ್ತರ, ಹೆಚ್ಚು ನೀರು ಇರುವಲ್ಲಿ ಉಪಯುಕ್ತ. ಹಡಗಿನ ತಿರುಗುರೆಕ್ಕೆಯನ್ನು ಹೋಲುತ್ತದೆ. ಲಿಂಗನಮಕ್ಕಿ ಅಣೆಕಟ್ಟೆಯ ಬುಡದ ವಿದ್ಯುದಾಗಾರದಲ್ಲಿ ಇದಿದೆ.

ಜನರೇಟರ್

1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಜನರೇಟರಿನ ಆಧಾರ. ತಂತಿಯ ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಟರ್ಬೈನಿನ ದಂಡಕ್ಕೆ ಜೋಡಿಸಿದ ರೋಟರಿನಲ್ಲಿ ವಿದ್ಯುತ್ಕಾಂತಗಳಿರುತ್ತವೆ. ಸುತ್ತಲಿನ ಸ್ಥಿರಭಾಗವಾದ ಸ್ಟೇಟರಿನಲ್ಲಿ ತಾಮ್ರದ ಸುರುಳಿಗಳಿರುತ್ತವೆ. ಭಾರತದಲ್ಲಿ ವಿದ್ಯುತ್ತಿನ ಆವೃತ್ತಿ ಸೆಕೆಂಡಿಗೆ 50. ನಿಮಿಷಕ್ಕೆ 300 ಸುತ್ತು ತಿರುಗುವ ಯಂತ್ರವು ಈ ಆವೃತ್ತಿಯನ್ನು ಕೊಡಬೇಕಾದರೆ ರೋಟರಿನಲ್ಲಿ 20 ಕಾಂತಧ್ರುವಗಳಿರಬೇಕು.

ಊರಿನಲ್ಲಿ ದೀಪ, ಪಂಪುಗಳ ಬಳಕೆ ಹೆಚ್ಚಿದಾಗ ಜನರೇಟರ್ ತಿರುಗುವುದು ಭಾರವಾಗಿ ವೇಗ ತಗ್ಗತೊಡಗುತ್ತದೆ. ಆಗ ಗವರ್ನರ್ ಎಂಬ ಉಪಕರಣವು ನೀರಿನ ಹರಿವನ್ನು ಹೆಚ್ಚಿಸಿ ವೇಗವನ್ನು ಕಾಪಾಡುತ್ತದೆ. ಉತ್ಪನ್ನವಾದ ವಿದ್ಯುತ್ತಿನ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಏರಿಸುತ್ತದೆ. ವೋಲ್ಟೇಜು ಇಮ್ಮಡಿಯಾದರೆ, ಅಷ್ಟೇ ವಿದ್ಯುತ್ತನ್ನು ಸಾಗಿಸುವ ತಂತಿಯಲ್ಲಿ ಶಾಖವಾಗಿ ಆಗುವ ನಷ್ಟ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಶರಾವತಿಯ ವಿದ್ಯುದಾಗಾರಗಳು

ಜೋಗದ ಮಹಾತ್ಮ ಗಾಂಧಿ ಜಲವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. ಅದಕ್ಕೆ ನೀರೊದಗಿಸಲು ಮಡೇನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆಯನ್ನು ಕಟ್ಟಲಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಸಿದ್ಧವಾದಾಗ ಈ ಹಳೆಯ ಕಟ್ಟೆಯೇ ಮುಳುಗಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ಇಂದಿಗೂ ಕಾಣಿಸಿಕೊಳ್ಳುತ್ತದೆ.

ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ಇಲ್ಲಿಂದ ಹೊರಟ ನೀರು ಅಣೆಕಟ್ಟೆಯ ಬುಡದ ವಿದ್ಯುದಾಗಾರ (55 ಮೆಗಾವಾಟ್), ತಳಕಳಲೆ ಸಮತೋಲನ ಜಲಾಶಯ, 10 ಘಟಕಗಳ ಶರಾವತಿ ವಿದ್ಯುದಾಗಾರ (1035 ಮೆಗಾವಾಟ್), ಕೊನೆಗೆ ಗೇರುಸೊಪ್ಪೆ (240 ಮೆಗಾವಾಟ್) ಹೀಗೆ ಸಾಗಿ ಹೊನ್ನಾವರದ ಬಳಿ ಕಡಲು ಸೇರುತ್ತದೆ. ಅಂದರೆ ಒಂದೇ ನೀರು ಮೂರು ಬಾರಿ ದುಡಿಯುತ್ತದೆ. ಶರಾವತಿ ವಿದ್ಯುದಾಗಾರ ಪೂರ್ಣ ಸಾಮರ್ಥ್ಯದಿಂದ ಒಂದು ಗಂಟೆ ನಡೆದರೆ 10.35 ಲಕ್ಷ ಯೂನಿಟ್ ವಿದ್ಯುತ್ತು ಉತ್ಪತ್ತಿಯಾಗುತ್ತದೆ.

ಮುಳುಗಡೆ ಮತ್ತು ಹೊಳೆಬಾಗಿಲು

ಟರ್ಬೈನ್ ತಿರುಗಿಸುವ ಈ ನೀರು ನಿಂತಿರುವುದು ಹಿಂದೆ ಊರು, ಗದ್ದೆ, ಅಡಿಕೆ ತೋಟಗಳಿದ್ದ ನೆಲದ ಮೇಲೆ. ಸಾಗರ, ಹೊಸನಗರ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು. ಪುನರ್ವಸತಿಗೆಂದು ನೀಡಿದ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕಗಳು ಕಳೆದರೂ ಜೀವಂತವಾಗಿತ್ತು. ನಾ. ಡಿಸೋಜರ 'ಮುಳುಗಡೆ' ಮತ್ತು 'ದ್ವೀಪ' ಕಾದಂಬರಿಗಳು ಈ ಬದುಕನ್ನು ಚಿತ್ರಿಸಿವೆ.

ತುಮರಿ, ಸಿಗಂದೂರು ಭಾಗದ ಜನರಿಗೆ ಸಾಗರವನ್ನು ತಲುಪಲು ಹೊಳೆಬಾಗಿಲಿನ ಲಾಂಚೇ ಹತ್ತಿರದ ದಾರಿಯಾಗಿತ್ತು. ವಿದ್ಯುತ್ತಿಗಾಗಿ ನೀರು ಬಳಕೆಯಾಗಿ ಮಟ್ಟ ತೀರ ತಗ್ಗಿದಾಗ ಲಾಂಚಿನಲ್ಲಿ ವಾಹನಗಳ ಸಾಗಾಟ ನಿಂತದ್ದೂ ಉಂಟು. 2025ರ ಜುಲೈ 14ರಂದು ಸುಮಾರು 2.4 ಕಿಲೋಮೀಟರ್ ಉದ್ದದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಅಣೆಕಟ್ಟೆ ಸಿದ್ಧವಾಗಿ ಆ ಹೊತ್ತಿಗೆ 61 ವರ್ಷಗಳು ಕಳೆದಿದ್ದವು.