ಮಹಾಪಧಮನಿ ಉಬ್ಬು: ತೆರೆದ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳಿಗೆ ಕ್ಯಾತಿಟರ್ ಚಿಕಿತ್ಸೆ

ಹೊಟ್ಟೆಯ ಮಹಾಪಧಮನಿ ಉಬ್ಬಿದಾಗ ಆ ಭಾಗವನ್ನು ತೆಗೆದು ಬದಲಿ ನಾಳ ಕೂಡಿಸುವ ಶಸ್ತ್ರಚಿಕಿತ್ಸೆಯನ್ನು 1951ರಲ್ಲಿ ಪ್ಯಾರಿಸ್‌ನ ಶಾರ್ಲ್ ದ್ಯುಬೊ ಯಶಸ್ವಿಯಾಗಿ ನಡೆಸಿದರು. ಅವರು ಬಳಸಿದ್ದು ಮೃತದೇಹದಿಂದ ತೆಗೆದ ನಾಳ. ಕೆಲವೇ ವರ್ಷಗಳಲ್ಲಿ ಅದರ ಜಾಗಕ್ಕೆ ಡೇಕ್ರಾನ್ ಬಟ್ಟೆಯ ನಾಳ ಬಂತು.

ಬಟ್ಟೆ ಬಾಳಿಕೆ ಬಂದರೂ ಹೊಲಿಗೆ ಕೈಕೊಡುತ್ತಿತ್ತು. ಆರಂಭದಲ್ಲಿ ಬಳಸಿದ ರೇಷ್ಮೆ ದಾರ ವರ್ಷಗಳು ಕಳೆದಂತೆ ಸಡಿಲವಾಗಿ, ಕೂಡಿಸಿದ ಜಾಗದಲ್ಲಿ ರಕ್ತ ಸೋರಿ ಹುಸಿ ಉಬ್ಬು ಏಳುತ್ತಿತ್ತು. ಪಾಲಿಪ್ರೊಪಿಲೀನ್ ದಾರ ಬಂದ ಮೇಲೆ ಇದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಇನ್ನೊಂದು ತೊಡಕು ಅಪರೂಪದ್ದು, ಆದರೆ ಭಯಂಕರ: ಬದಲಿ ನಾಳ ಪಕ್ಕದ ಸಣ್ಣಕರುಳಿಗೆ ಒತ್ತಿ ಅದನ್ನು ತೂತು ಮಾಡುವುದು. ಮೊದಲು ಅಲ್ಪ ರಕ್ತವಾಂತಿಯೋ ಕಪ್ಪು ಮಲವೋ ಕಾಣಿಸಿ ನಿಲ್ಲುತ್ತದೆ. ದೊಡ್ಡ ರಕ್ತಸ್ರಾವ ಆಮೇಲೆ ಬರುತ್ತದೆ.

ಒಮ್ಮೆ ಕೊಯ್ದ ಹೊಟ್ಟೆಯೊಳಗೆ ಕರುಳು, ನಾಳ ಎಲ್ಲ ಅಂಟಿಕೊಂಡಿರುವುದರಿಂದ ಮತ್ತೆ ಕೊಯ್ಯುವುದು ಕಠಿಣ. ಹೊಟ್ಟೆ ಕೊಯ್ಯದೆಯೇ ಅಲ್ಲಿಗೆ ತಲುಪಲು ಇನ್ನೊಂದು ದಾರಿಯಿದೆ. ತೊಡೆಸಂದಿನ ಅಪಧಮನಿಯಿಂದ ತಂತಿಯನ್ನೂ ಅದರ ಮೇಲೆ ಕ್ಯಾತಿಟರ್ ಎಂಬ ತೆಳು ಕೊಳವೆಯನ್ನೂ ತೂರಿಸುವ ಈ ದಾರಿಯನ್ನು 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ತೋರಿಸಿದ್ದರು. 1987ರಲ್ಲಿ ಹಾರ್ಕಿವ್‌ನ ನಿಕೊಲಾಯ್ ವೊಲೊದೊಸ್ ಎದೆಯ ಮಹಾಪಧಮನಿಯಲ್ಲಿ, 1990ರಲ್ಲಿ ಬ್ಯೂನಸ್ ಐರಿಸ್‌ನ ಹುವಾನ್ ಪರೋದಿ ಹೊಟ್ಟೆಯ ಉಬ್ಬಿನಲ್ಲಿ ಇದೇ ದಾರಿಯಿಂದ ಸ್ಟೆಂಟ್ ಗ್ರಾಫ್ಟ್, ಅಂದರೆ ಲೋಹದ ಜಾಲರಿಯ ಆಧಾರವಿರುವ ಬಟ್ಟೆಯ ನಾಳ, ಕೂರಿಸಿದರು. ಪರೋದಿಯ ಗುರಿ ತೆರೆದ ಶಸ್ತ್ರಚಿಕಿತ್ಸೆಯನ್ನು ತಪ್ಪಿಸುವುದು. ಆದರೆ ಅದು ಆಗಿಹೋದವರಿಗೂ ಈ ಸಾಧನವೇ ಒದಗಿಬಂದದ್ದು ಇತಿಹಾಸದ ಸ್ವಾರಸ್ಯ. ಹುಸಿ ಉಬ್ಬಿಗೆ ಒಳಗಿನಿಂದಲೇ ಹೊಸ ನಾಳದ ಒಳಪದರ ಹಾಕಬಹುದು. ಕಾಲಿಗೆ ಹೋಗುವ ಕವಲು ಕಟ್ಟಿದರೆ ಕ್ಯಾತಿಟರ್ ಮೂಲಕ ಹೆಪ್ಪು ಕರಗಿಸಬಹುದು. ಕೀವು ಕಟ್ಟಿದರೆ ಸಿ.ಟಿ. ನೋಡುತ್ತ ಸೂಜಿಯಿಂದ ಹೊರತೆಗೆಯಬಹುದು. ಸೋಂಕು ತಗುಲಿದ ಬಟ್ಟೆಗೆ ಮಾತ್ರ ಇದು ಪೂರ್ಣ ಪರಿಹಾರವಲ್ಲ. ಕರುಳು ತೂತಾದವರಲ್ಲೂ ಸ್ಟೆಂಟ್ ಗ್ರಾಫ್ಟ್ ರಕ್ತಸ್ರಾವ ನಿಲ್ಲಿಸಿ ಜೀವ ಉಳಿಸುತ್ತದೆ. ಆದರೆ ಸಾಮಾನ್ಯವಾಗಿ ಅದು ಅಂತಿಮ ಶಸ್ತ್ರಚಿಕಿತ್ಸೆಗೆ ಬೇಕಾದ ಸಮಯ ಕೊಡುತ್ತದೆ, ಅಷ್ಟೆ.

ಕರ್ನಾಟಕದಲ್ಲಿ ಇಂಥ ಪರಿಣತಿ ಬಹುಕಾಲ ಬೆಂಗಳೂರಿನಲ್ಲೇ ಕೇಂದ್ರೀಕೃತವಾಗಿತ್ತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಡ ಕುಟುಂಬಗಳ ದುಬಾರಿ ಚಿಕಿತ್ಸೆಗೆಂದು ಮೊದಲು ಕಲಬುರಗಿ ವಿಭಾಗದಲ್ಲೇ ಆರಂಭವಾಯಿತು. ರಾಯಚೂರು ಜಿಲ್ಲೆಯೂ ಅದರಲ್ಲಿತ್ತು. ಮುಂದೆ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯೂ ಬಂತು. ಆದರೂ ರಾಯಚೂರು–ಸಿಂಧನೂರು ರಸ್ತೆಯ ಪೋತ್ನಾಳದಂಥ ಊರಿನಲ್ಲಿ, ಹಿಂದೆ ಶಸ್ತ್ರಚಿಕಿತ್ಸೆಯಾದವರು ರಕ್ತ ಕಾರಿದರೆ ಮೊದಲು ನೋಡುವವರು ರಕ್ತನಾಳ ತಜ್ಞರಲ್ಲ. ಹೊಟ್ಟೆಹುಣ್ಣೆಂದು ತಿಳಿದು ಹೊತ್ತು ಕಳೆಯುವ ಅಪಾಯ ಅಲ್ಲಿಯೇ ಇದೆ. ಹೀಗಾಗಿ ಯಾವ ನಾಳ ಹಾಕಿದರು, ಎಲ್ಲಿ ಹೊಲಿದರು ಎಂದು ಬರೆದಿರುವ ಹಳೆಯ ಡಿಸ್ಚಾರ್ಜ್ ಚೀಟಿ ಪರೀಕ್ಷೆಯ ಮೊದಲ ಹೆಜ್ಜೆಯಾಗುತ್ತದೆ. ಅದರ ನಂತರ ಸಿ.ಟಿ. ಆಂಜಿಯೋಗ್ರಾಮ್.