ನಳಿಕೆ ತೊಳೆಯುವವರಿಂದ ಪದವೀಧರರವರೆಗೆ

ಬ್ರಿಟನ್ನಿನ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನಾನು ಮಾಡುವ ಕೆಲಸಕ್ಕೆ ನೂರು ವರ್ಷದ ಹಿಂದೆ ಪದವಿ ಬೇಕಿರಲಿಲ್ಲ. ಹುಡುಗರು ಗಾಜಿನ ನಳಿಕೆ ತೊಳೆಯಲು ಸೇರಿ, ವೈದ್ಯರ ಪಕ್ಕದಲ್ಲಿ ನಿಂತೇ ವಿದ್ಯೆ ಕಲಿಯುತ್ತಿದ್ದರು. ಅಂಥವರಿಗಾಗಿ 1912ರಲ್ಲಿ ಸಂಘ ಕಟ್ಟಿದವರು ಆಲ್ಬರ್ಟ್ ನಾರ್ಮನ್. ಈ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಲೇಬೇಕು. ಅದೇ ಸಂಘ ಇಂದಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಮೆಡಿಕಲ್ ಸೈನ್ಸ್. 1960ರ ಕಾಯ್ದೆ ಈ ವೃತ್ತಿಯವರ ಸರ್ಕಾರಿ ನೋಂದಣಿಗೆ ದಾರಿ ಮಾಡಿತು. ಪದವಿ ಕಡ್ಡಾಯವಾದದ್ದು ಆಮೇಲೆ.

ಕೈಕೆಲಸ ಮಾತ್ರ ಇನ್ನೂ ಹಳೆಯದು. 1884ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಪ್ರಕಟಿಸಿದ, ಬ್ಯಾಕ್ಟೀರಿಯಾಗೆ ಬಣ್ಣ ಹಚ್ಚಿ ಗುರುತಿಸುವ ವಿಧಾನವನ್ನು ನಾವು ಇಂದಿಗೂ ಬಳಸುತ್ತೇವೆ. ಗಾಜಿನ ಪಟ್ಟಿಯ ಮೇಲೆ ನೇರಳೆ ಬಣ್ಣ, ಅದರ ಮೇಲೆ ಅಯೋಡಿನ್, ಬಳಿಕ ಬಣ್ಣ ಕಳೆಯುವ ದ್ರವ, ಕೊನೆಗೆ ಕೆಂಪು. ಮೂರನೆಯ ಹಂತದಲ್ಲಿ ಕೆಲವೇ ಕ್ಷಣ ಹೆಚ್ಚಾದರೂ ನೇರಳೆಯಾಗಿ ಉಳಿಯಬೇಕಾದ ಬ್ಯಾಕ್ಟೀರಿಯಾ ಗುಲಾಬಿಯಾಗಿ ಕಾಣಬಹುದು. ಆಗ ವೈದ್ಯರು ಬೇರೆಯೇ ಔಷಧಿಯತ್ತ ಹೊರಳುತ್ತಾರೆ. ಈ ಹದ ಬೆಂಚಿನ ಮುಂದೆ ನಿಂತವರಿಗಷ್ಟೇ ಸಿಗುತ್ತದೆ.

ಮಗಳನ್ನು ಬಯೋಮೆಡಿಕಲ್ ಸೈನ್ಸ್ ಪದವಿಗೆ ಕಳಿಸಬಹುದೇ ಎಂದು ಊರಿನ ತಂದೆತಾಯಿ ನನ್ನನ್ನು ಕೇಳುತ್ತಾರೆ. ಖಂಡಿತ ಕಳಿಸಿ, ಗೌರವದ ಕೆಲಸ. ಆದರೆ ಇದು ವೈದ್ಯೆಯಾಗುವ ಅಡ್ಡದಾರಿಯಲ್ಲ. ಬ್ರಿಟನ್ನಿನಲ್ಲಿ ಎಚ್‌ಸಿಪಿಸಿ ಎಂಬ ವೃತ್ತಿ ನಿಯಂತ್ರಣ ಮಂಡಳಿಯ ನೋಂದಣಿ ಇಲ್ಲದೆ ಬಯೋಮೆಡಿಕಲ್ ಸೈಂಟಿಸ್ಟ್ ಎಂದು ಕರೆದುಕೊಳ್ಳುವಂತಿಲ್ಲ. ನೋಂದಣಿಗೆ ಪದವಿಯ ಜೊತೆ ಪ್ರಯೋಗಾಲಯದ ತರಬೇತಿಯೂ ಬೇಕು. ಶುಲ್ಕ ಕಟ್ಟುವ ಮುನ್ನ ಎರಡು ಪ್ರಶ್ನೆ ಕೇಳಿ: ಕೋರ್ಸಿಗೆ ಇನ್‌ಸ್ಟಿಟ್ಯೂಟ್ ಆಫ್ ಬಯೋಮೆಡಿಕಲ್ ಸೈನ್ಸಿನ ಮಾನ್ಯತೆ ಇದೆಯೇ, ಆಸ್ಪತ್ರೆಯಲ್ಲಿ ತರಬೇತಿಯ ಜಾಗ ಕೊಡಿಸುತ್ತಾರೆಯೇ? ಉತ್ತರವನ್ನು ಬರಹದಲ್ಲೇ ಪಡೆಯಿರಿ.