ಲ್ಯಾಪ್‌ಟಾಪ್ ಓವರ್‌ಕ್ಲಾಕಿಂಗ್: ವೇಗದ ಬೆಲೆ ತೆರುವುದು ಬ್ಯಾಟರಿ

ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ದುಡಿಸುವ ಕ್ರಮಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಗೇಮ್ ಆಡುವವರು, ವಿಡಿಯೊ ಸಂಕಲನ ಮಾಡುವವರು ಹೊಸ ಯಂತ್ರಕ್ಕೆ ಹಣ ಸುರಿಯದೆ ವೇಗ ಪಡೆಯುವ ಆಸೆಯಿಂದ ಈ ಮಾರ್ಗ ಹಿಡಿಯುತ್ತಾರೆ. ಡೆಸ್ಕ್‌ಟಾಪ್‌ನಲ್ಲಿ ಇದರ ಹೊರೆ ವಿದ್ಯುತ್ ಬಿಲ್ಲಿನಲ್ಲಿ ಕಾಣಿಸಿಕೊಂಡರೆ, ಲ್ಯಾಪ್‌ಟಾಪ್‌ನಲ್ಲಿ ಅದು ನೇರವಾಗಿ ಬ್ಯಾಟರಿಯ ಮೇಲೆ ಬೀಳುತ್ತದೆ. ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿಯೂ ಇದು ಸಾಧ್ಯವಿಲ್ಲ. ಇಂಟೆಲ್‌ನ ಎಚ್‌ಕೆ ಹಾಗೂ ಎಚ್‌ಎಕ್ಸ್ ಶ್ರೇಣಿಯ ಕೆಲವು ಮಾದರಿಗಳಂತಹ, ಬೀಗ ತೆರೆದ ಪ್ರೊಸೆಸರುಗಳಲ್ಲಿ ಮಾತ್ರ ಬಳಕೆದಾರರಿಗೆ ಈ ಸ್ವಾತಂತ್ರ್ಯವಿದೆ.

ವೋಲ್ಟೇಜ್ ಎಂಬ ದುಬಾರಿ ಬಾಬತ್ತು

ಪ್ರೊಸೆಸರಿನೊಳಗಿನ ಟ್ರಾನ್ಸಿಸ್ಟರುಗಳು ಕ್ಲಾಕ್‌ನ ಮಿಡಿತಕ್ಕೆ ಅನುಗುಣವಾಗಿ ಕಾರ್ಯನಿರ್ವಹಿಸುತ್ತವೆ. ಸೆಕೆಂಡಿಗೆ ನೂರು ಕೋಟಿ ಮಿಡಿತವೆಂದರೆ ಒಂದು ಗಿಗಾಹರ್ಟ್ಸ್. ಮಿಡಿತಗಳ ಸಂಖ್ಯೆ ಏರಿದ ಪ್ರಮಾಣದಲ್ಲಿಯೇ ವಿದ್ಯುತ್ ಬಳಕೆಯೂ ಏರುತ್ತದೆ. ಆದರೆ ಹೆಚ್ಚಿನ ವೇಗದಲ್ಲಿ ಪ್ರೊಸೆಸರ್ ತಪ್ಪಿಲ್ಲದೆ ಕೆಲಸ ಮಾಡಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ನಷ್ಟದ ಮೂಲ ಇರುವುದು ಇಲ್ಲಿ. ವಿದ್ಯುತ್ ಬಳಕೆಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗವನ್ನು ಶೇ 20ರಷ್ಟು, ವೋಲ್ಟೇಜನ್ನು ಶೇ 10ರಷ್ಟು ಏರಿಸಿದರೆ ಪ್ರೊಸೆಸರಿನ ವಿದ್ಯುತ್ ಬಳಕೆ ಸುಮಾರು ಶೇ 45ರಷ್ಟು ಹೆಚ್ಚುತ್ತದೆ.

ಒಂದು ಸರಳ ಲೆಕ್ಕ

50 ವಾಟ್-ಅವರ್ ಸಾಮರ್ಥ್ಯದ ಬ್ಯಾಟರಿಯುಳ್ಳ ಲ್ಯಾಪ್‌ಟಾಪನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಭಾರಿ ಕೆಲಸದ ವೇಳೆ ಪ್ರೊಸೆಸರಿಗೆ 30 ವಾಟ್, ಪರದೆ ಮೊದಲಾದವುಗಳಿಗೆ 10 ವಾಟ್ ಬೇಕೆಂದಾದರೆ ಬ್ಯಾಟರಿ 75 ನಿಮಿಷ ಬಾಳುತ್ತದೆ. ಮೇಲಿನ ಪ್ರಮಾಣದಲ್ಲಿ ಓವರ್‌ಕ್ಲಾಕ್ ಮಾಡಿದಾಗ ಪ್ರೊಸೆಸರಿನ ಪಾಲು 43.5 ವಾಟ್‌ಗೆ ಏರಿ, ಬ್ಯಾಟರಿ ಸುಮಾರು 56 ನಿಮಿಷಕ್ಕೆ ಬರಿದಾಗುತ್ತದೆ.

ಕೆಲಸ ಬೇಗ ಮುಗಿಯುವುದರಿಂದ ಯಂತ್ರ ಬೇಗ ವಿಶ್ರಾಂತಿಗೆ ಹೋಗುತ್ತದೆ, ಹೀಗಾಗಿ ನಷ್ಟವಿಲ್ಲ ಎಂಬ ವಾದವೂ ಇದೆ. ಈ ಲೆಕ್ಕದಲ್ಲಿ ಆ ವಾದ ನಿಲ್ಲುವುದಿಲ್ಲ. ಶೇ 20ರಷ್ಟು ಹೆಚ್ಚಿನ ವೇಗದಲ್ಲಿ 56 ನಿಮಿಷ ದುಡಿದ ಯಂತ್ರ, ಮೊದಲಿನ ವೇಗದ 67 ನಿಮಿಷಗಳ ಕೆಲಸವನ್ನಷ್ಟೇ ಮುಗಿಸಿರುತ್ತದೆ. ಓವರ್‌ಕ್ಲಾಕ್ ಮಾಡದಿದ್ದರೆ ಅದೇ ಬ್ಯಾಟರಿಯಲ್ಲಿ 75 ನಿಮಿಷಗಳ ಕೆಲಸ ಆಗುತ್ತಿತ್ತು. ಅಂದರೆ ಬ್ಯಾಟರಿಯ ಅವಧಿಯೂ ಕುಗ್ಗುತ್ತದೆ, ಒಂದು ಚಾರ್ಜಿನಲ್ಲಿ ಆಗುವ ಒಟ್ಟು ಕೆಲಸವೂ ಕಡಿಮೆಯಾಗುತ್ತದೆ.

ಪತ್ರ ಟೈಪ್ ಮಾಡುವುದು, ಸುದ್ದಿ ಓದುವುದು ಮುಂತಾದ ಹಗುರ ಕೆಲಸಗಳಲ್ಲಿ ಈ ವ್ಯತ್ಯಾಸ ಅಲ್ಪ. ಬಿಡುವಿನ ವೇಳೆ ಪ್ರೊಸೆಸರ್ ತಾನಾಗಿಯೇ ವೇಗ ಹಾಗೂ ವೋಲ್ಟೇಜ್ ತಗ್ಗಿಸಿಕೊಳ್ಳುವುದು ಇದಕ್ಕೆ ಕಾರಣ. ಇಂಟೆಲ್ 2000ದಲ್ಲಿ ಸ್ಪೀಡ್‌ಸ್ಟೆಪ್ ಎಂಬ ಹೆಸರಿನಲ್ಲಿ ಈ ವ್ಯವಸ್ಥೆಯನ್ನು ಲ್ಯಾಪ್‌ಟಾಪ್‌ಗಳಿಗೆ ತಂದಿತು. ಆದರೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಸ್ಥಿರಗೊಳಿಸಿದರೆ ಈ ಉಳಿತಾಯದ ಬಹುಭಾಗ ಕೈತಪ್ಪುತ್ತದೆ.

ಚಾರ್ಜರ್ ತೆಗೆದಾಗ

2022ರಲ್ಲಿ ಬಂದ ಇಂಟೆಲ್ ಕೋರ್ ಐ9-12900ಎಚ್‌ಎಕ್ಸ್ ಪ್ರೊಸೆಸರಿನ ಗರಿಷ್ಠ ಟರ್ಬೊ ಬಳಕೆಯೇ 157 ವಾಟ್. ವಿಮಾನಯಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವಾಟ್-ಅವರ್ ಆಗಿರುವುದರಿಂದ ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿಗಳೂ ಆ ಗಡಿಯೊಳಗೇ ಇರುತ್ತವೆ. ಅಂಥ ಬ್ಯಾಟರಿ ಈ ಪ್ರೊಸೆಸರ್ ಒಂದಕ್ಕೇ ಪೂರ್ಣ ಶಕ್ತಿ ಒದಗಿಸಿದರೂ 40 ನಿಮಿಷ ದಾಟಲಾರದು. ಈ ಕಾರಣದಿಂದ ಚಾರ್ಜರ್ ತೆಗೆದೊಡನೆ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಪ್ರೊಸೆಸರಿನ ವಿದ್ಯುತ್ ಮಿತಿಯನ್ನು ತಾವೇ ತಗ್ಗಿಸುತ್ತವೆ. ಓವರ್‌ಕ್ಲಾಕಿಂಗ್‌ನ ಲಾಭ ಆಗ ಬಹುಮಟ್ಟಿಗೆ ಕರಗಿಹೋಗುತ್ತದೆ.

ಬಿಸಿಯೇ ದೀರ್ಘಕಾಲದ ಶತ್ರು

ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗುತ್ತದೆ. ಲ್ಯಾಪ್‌ಟಾಪ್‌ನ ಕಿರಿದಾದ ಕವಚದಲ್ಲಿ ಆ ಶಾಖ ಪಕ್ಕದ ಲಿಥಿಯಂ-ಅಯಾನ್ ಬ್ಯಾಟರಿಯನ್ನೂ ತಟ್ಟುತ್ತದೆ. ಬಿಸಿಯಲ್ಲಿ ಬ್ಯಾಟರಿಯೊಳಗಿನ ಅನಪೇಕ್ಷಿತ ರಾಸಾಯನಿಕ ಕ್ರಿಯೆಗಳು ಚುರುಕಾಗಿ, ಅದರ ಧಾರಣ ಸಾಮರ್ಥ್ಯ ಶಾಶ್ವತವಾಗಿ ಕುಸಿಯುತ್ತದೆ. ಪೂರ್ಣ ಚಾರ್ಜಿನ ಸ್ಥಿತಿಯಲ್ಲಿ ಬಿಸಿಯಾಗಿರುವುದು ಇನ್ನಷ್ಟು ಹಾನಿಕರ. ಸದಾ ಚಾರ್ಜರ್ ಜೋಡಿಸಿಕೊಂಡು ಗೇಮ್ ಆಡುವವರ ಬ್ಯಾಟರಿ ಬೇಗ ಸೊರಗಲು ಇದೂ ಒಂದು ಕಾರಣ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂತಹ ಊರುಗಳಲ್ಲಿ ಈ ಅಪಾಯ ಹೆಚ್ಚು. ಬ್ಯಾಟರಿ ಉಬ್ಬಿರುವುದು ಕಂಡುಬಂದರೆ ಬಳಕೆ ನಿಲ್ಲಿಸಿ, ಅದನ್ನು ಚುಚ್ಚದೆ, ಒತ್ತದೆ ಸೇವಾ ಕೇಂದ್ರಕ್ಕೆ ಒಪ್ಪಿಸುವುದು ಕ್ಷೇಮ.

ಪರ್ಯಾಯವೇನು?

ವೇಗವನ್ನು ಹಾಗೆಯೇ ಉಳಿಸಿಕೊಂಡು ವೋಲ್ಟೇಜನ್ನು ಕೊಂಚ ತಗ್ಗಿಸುವ ಅಂಡರ್‌ವೋಲ್ಟಿಂಗ್ ಇದಕ್ಕೆ ವಿರುದ್ಧವಾದ ದಾರಿ. ಬಿಸಿಯಿಂದಾಗಿ ವೇಗ ಕಳೆದುಕೊಳ್ಳುತ್ತಿದ್ದ ಯಂತ್ರ ಇದರಿಂದ ಮೊದಲಿಗಿಂತ ಚುರುಕಾಗುವುದೂ ಉಂಟು. ಅತಿಯಾಗಿ ತಗ್ಗಿಸಿದರೆ ಯಂತ್ರ ನಡುವೆಯೇ ಸ್ಥಗಿತಗೊಳ್ಳಬಹುದು. ವೋಲ್ಟೇಜ್ ನಿಯಂತ್ರಣವನ್ನೇ ದುರ್ಬಳಕೆ ಮಾಡುವ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ 2019ರಲ್ಲಿ ಬಹಿರಂಗವಾದ ನಂತರ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಸೌಲಭ್ಯಕ್ಕೆ ಬೀಗ ಬಿದ್ದಿದೆ.

ಓವರ್‌ಕ್ಲಾಕಿಂಗ್ ಬೇಕೇಬೇಕೆನ್ನುವವರು ಅದನ್ನು ಚಾರ್ಜರ್ ಜೋಡಿಸಿದಾಗ ಮಾತ್ರ ಜಾರಿಯಾಗುವಂತೆ ಹೊಂದಿಸಿಕೊಳ್ಳುವುದು, ಚಾರ್ಜಿಂಗ್ ಮಿತಿಯನ್ನು ಶೇ 80ಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಬಳಸುವುದು, ಗಾಳಿದ್ವಾರಗಳ ಧೂಳು ತೆಗೆಸುವುದು ಒಳಿತು. ವಾರಂಟಿಯ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕು. ಪ್ರಯಾಣದಲ್ಲಿಯೂ ತರಗತಿಯಲ್ಲಿಯೂ ಬ್ಯಾಟರಿಯನ್ನೇ ನೆಚ್ಚಿಕೊಂಡವರಿಗಂತೂ ತಯಾರಕರು ನಿಗದಿಪಡಿಸಿದ ವೇಗವೇ ಲಾಭದಾಯಕ.